ಬಾಯಿಬಿಡದ ಮಿಡ್ಲ್‌ವೇರ್, ಖಾಲಿಯಾದ ಬುಟ್ಟಿ

ಏಪ್ರಿಲ್ ತಿಂಗಳ ಒಂದು ರಾತ್ರಿ ಒಂಬತ್ತೂವರೆಗೆ ಚಿಕ್ಕಮ್ಮನ ಫೋನ್ ಬಂತು. "ಬೆಂಗಳೂರಿನವರೊಬ್ಬರು ದುಡ್ಡು ಕಟ್ಟಿದಾರಂತೆ. ಕಟ್ಟಿ ವಾಪಸ್ ಬಂದ್ರೆ ಬುಟ್ಟಿ ಖಾಲಿ ಅಂತ ತೋರಿಸ್ತಂತೆ. ಎರಡು ಕೆಜಿ ಅಪ್ಪೆಮಿಡಿ, ನೂರು ಹಲಸಿನ ಹಪ್ಪಳ. ನಾನೀಗ ಅವರಿಗೆ ಏನು ಹೇಳ್ಲಿ?"

ಶಿರಸಿಯ ಹತ್ತಿರದ ನಮ್ಮೂರಲ್ಲಿ ಚಿಕ್ಕಮ್ಮ ಮತ್ತು ಅಕ್ಕಪಕ್ಕದ ಮೂರು ಮನೆಯವರು ಸೇರಿ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ಸಂಬಳ ಅಂದರೆ ವರ್ಷಕ್ಕೆ ಎರಡು ಭರಣಿ ಮಿಡಿ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್, ಅದರ ಮೇಲೆ ಸೈಟ್ ಕಟ್ಟುವ ಎಕ್ಸ್‌ಪ್ರೆಸ್, ಮುಂದೆ ಬಂದವರನ್ನು ಒಳಗೆ ಕಳಿಸುವ ಪ್ರಾಕ್ಸಿಯಾಗಿ ಎಂಜಿನ್‌ಎಕ್ಸ್, ಒಂದು ಜಿಬಿ ಮೆಮೊರಿಯ ಬಾಡಿಗೆ ಸರ್ವರ್. ಅಷ್ಟೇ ಸಂಸಾರ. ಈ ಪುಟ್ಟ ಸೈಟಿನ ಮೇಲೆ ಮೂರು ವರ್ಷದಲ್ಲಿ ನಾನು ಹಾಕಿ, ತೆಗೆದು, ಮತ್ತೆ ಹಾಕಿದ ಮಿಡ್ಲ್‌ವೇರ್‌ಗಳ ವಿಮರ್ಶೆ ಇದು. ಮಿಡ್ಲ್‌ವೇರ್ ಅಂದರೆ ಬ್ರೌಸರ್ ಕಳಿಸುವ ಪ್ರತಿ ರಿಕ್ವೆಸ್ಟ್ (ಕೋರಿಕೆ) ಅಂಗಡಿಯ ಕೋಡ್ ತಲುಪುವ ಮೊದಲು ಹಾದುಹೋಗುವ ಸಣ್ಣ ಕೋಡ್ ತುಂಡು. ಸೆಷನ್ ಹಿಡಿದಿಡುವವು ಮೂರು. ರಿಕ್ವೆಸ್ಟ್ ಕಾಯುವವು ನಾಲ್ಕೈದು. ಹೋಲಿಕೆಗೆ ಇರಲಿ ಅಂತ ಕೊನೆಯಲ್ಲಿ ಪೈಥಾನ್ ಭಾಷೆಯ ಜಾಂಗೋ ಚೌಕಟ್ಟಿನ ಬಗ್ಗೆಯೂ ನಾಲ್ಕು ಮಾತು.

ಯಾವುದು ವೇಗ, ಯಾವುದಕ್ಕೆ ಗಿಟ್‌ಹಬ್‌ನಲ್ಲಿ ನಕ್ಷತ್ರ ಜಾಸ್ತಿ ಅಂತ ನಾನು ಅಳೆಯಲು ಹೋಗಿಲ್ಲ. ದಿನಕ್ಕೆ ನಲವತ್ತು ಆರ್ಡರ್ ಬಂದರೆ ನಮಗೆ ಹಬ್ಬ. ನನ್ನ ಅಳತೆಗೋಲು ಒಂದೇ: ನಾನು ತಪ್ಪಾಗಿ ಜೋಡಿಸಿದಾಗ ಇದು ಬಾಯಿ ಬಿಟ್ಟು ಹೇಳುತ್ತದೋ, ಸುಮ್ನೆ ಕೂತಿರುತ್ತದೋ? ಆ ರಾತ್ರಿ ಕೈಕೊಟ್ಟಿದ್ದು ಸುಮ್ನೆ ಕೂತಿದ್ದ ಒಂದು.

ಸೆಷನ್ ಅಂದರೆ ಏನು ಅಂತ ಚಿಕ್ಕಮ್ಮ ಒಮ್ಮೆ ಕೇಳಿದ್ದರು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಟೋಕನ್ ಕೊಡುತ್ತಾರಲ್ಲ, ಅದೇ. ಚಪ್ಪಲಿ ಅವರ ಹತ್ತಿರ, ನಂಬರ್ ನಮ್ಮ ಹತ್ತಿರ. ಬ್ರೌಸರ್‌ಗೆ ಕೊಟ್ಟ ಟೋಕನ್ನೇ ಕುಕೀ. ಕುಕೀ ಹುಟ್ಟಿದ ಕತೆಯೂ ನಮ್ಮ ಸೈಟಿಗೆ ಹೊಂದುವಂಥದ್ದೇ. 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮೊಂಟುಲಿ ಅದನ್ನು ತಂದಾಗ ಎದುರಿಗಿದ್ದ ಸಮಸ್ಯೆ ಅಂಗಡಿಯ ಬುಟ್ಟಿಯದ್ದೇ. ಗಿರಾಕಿ ಆರಿಸಿದ್ದನ್ನು ನೆನಪಿಟ್ಟುಕೊಳ್ಳುವುದು ಹೇಗೆ ಅನ್ನುವುದು.

ಮೊದಲು ಹಾಕಿದ್ದು ಎಕ್ಸ್‌ಪ್ರೆಸ್-ಸೆಷನ್. ಎಲ್ಲರೂ ಮೊದಲು ಹಾಕುವುದು ಇದನ್ನೇ. ಚಪ್ಪಲಿ ಪೂರ್ತಿ ಸರ್ವರ್ ಹತ್ತಿರ, ಕೈಗೆ ಬರೀ ನಂಬರ್. ಕುಕೀ ಹೆಸರು ಕನೆಕ್ಟ್ ಡಾಟ್ ಎಸ್‌ಐಡಿ. ನಂಬರಿನ ಜೊತೆಗೆ ಒಂದು ಸಹಿಯೂ ಇರುತ್ತದೆ, ಹಾಗಾಗಿ ಯಾರೋ ಊಹೆ ಮಾಡಿ ಟೋಕನ್ ಕೆತ್ತಿಕೊಂಡು ಬರಲು ಆಗುವುದಿಲ್ಲ. ಚಪ್ಪಲಿ ಎಲ್ಲಿಡಬೇಕು ಅಂತ ನಾವು ಹೇಳದಿದ್ದರೆ ಅದು ತನ್ನ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಪ್ರೊಡಕ್ಷನ್ ಮೋಡಿನಲ್ಲಿ ಹಾಗೆ ಓಡಿಸಿದರೆ ಶುರುವಿಗೇ ಎಚ್ಚರಿಕೆ ಬರುತ್ತದೆ: ಈ ಮೆಮೊರಿ ಸ್ಟೋರ್ ಇಂಥ ಕೆಲಸಕ್ಕೆ ಮಾಡಿದ್ದಲ್ಲ, ಮೆಮೊರಿ ಸೋರುತ್ತದೆ, ಒಂದಕ್ಕಿಂತ ಹೆಚ್ಚು ಪ್ರೊಸೆಸ್‌ಗೆ ಆಗಿಬರುವುದಿಲ್ಲ ಅಂತ. ಇದಕ್ಕೆ ನನ್ನ ಪೂರ್ತಿ ಅಂಕ. ನಾನು ಓದಿದೆ, ನಾಳೆ ನೋಡೋಣ ಅಂದುಕೊಂಡೆ. ಆ ನಾಳೆ ಬರಲು ಎರಡು ತಿಂಗಳು ಬೇಕಾಯಿತು.

ಆ ಎರಡು ತಿಂಗಳಲ್ಲಿ ಆಗಿದ್ದು ಕೇಳಿ. ಸೈಟ್ ಎದ್ದಿದೆಯೋ ಇಲ್ಲವೋ ನೋಡಲು ಐದು ನಿಮಿಷಕ್ಕೊಮ್ಮೆ ಬಾಗಿಲು ತಟ್ಟುವ ಒಂದು ಪಿಂಗ್ ಇಟ್ಟಿದ್ದೆ. ಸೇವ್‌ಅನ್‌ಇನಿಷಿಯಲೈಸ್ಡ್ ಅನ್ನುವ ಆಯ್ಕೆಯನ್ನು ಆನ್ ಬಿಟ್ಟಿದ್ದೆ. ಅಂದರೆ ಏನೂ ಕೊಳ್ಳದೆ ಇಣುಕಿ ಹೋದವರಿಗೂ ಒಂದು ಟೋಕನ್. ಪಿಂಗ್‌ಗೆ ಕುಕೀ ನೆನಪಿಡುವ ಅಭ್ಯಾಸ ಇಲ್ಲ. ಹಾಗಾಗಿ ಪ್ರತಿ ಸಲ ಹೊಸಬ. ದಿನಕ್ಕೆ 288 ಖಾಲಿ ಸೆಷನ್, ಯಾವುದಕ್ಕೂ ವಾಯಿದೆ ಇಲ್ಲ. ಇದರ ಮೇಲೆ ಹುಡುಕಾಟದ ಬಾಟ್‌ಗಳು ಬೇರೆ. ಚಪ್ಪಲಿ ಬಿಡದವರಿಗೆಲ್ಲ ಟೋಕನ್ ಕೊಟ್ಟು ಗೂಡು ಖಾಲಿ ಇಟ್ಟುಕೊಂಡ ಹಾಗೆ. ಮೆಮೊರಿ ಗೆರೆ ಮೆಟ್ಟಿಲು ಹತ್ತುತ್ತಲೇ ಇತ್ತು.

ಆಮೇಲೆ ಚಪ್ಪಲಿ ಇಡಲು ರೆಡಿಸ್ ಅನ್ನುವ ಬೇರೆ ಸಂಗ್ರಹ ಹಾಕಿ, ಅದನ್ನು ಸೆಷನ್‌ಗೆ ಕೂಡಿಸುವ ಕನೆಕ್ಟ್-ರೆಡಿಸ್ ಜೋಡಿಸಿದೆ. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅದು ಒಳ್ಳೆಯದೇ. ಕುಕೀಗೆ ವಾಯಿದೆ ಹೇಳದಿದ್ದರೆ ಒಂದು ದಿನಕ್ಕೆ ಸೆಷನ್ ಅಳಿಸುತ್ತದೆ ಅನ್ನುವುದು ನೆನಪಿರಲಿ. ನಮ್ಮ ಗಿರಾಕಿಗಳು ಇವತ್ತು ಬುಟ್ಟಿಗೆ ಹಾಕಿ, ಮನೆಯವರನ್ನು ಕೇಳಿ, ನಾಡಿದ್ದು ಕೊಳ್ಳುವವರು. ಏಳು ದಿನ ಇಟ್ಟೆ.

ಎಕ್ಸ್‌ಪ್ರೆಸ್-ಸೆಷನ್ ಬಾಯಿ ಮುಚ್ಚಿಕೊಳ್ಳುವ ಜಾಗ ಬೇರೆ ಇದೆ. ಕುಕೀಗೆ ಸೆಕ್ಯೂರ್ ಅಂತ ಗುರುತು ಹಾಕಿದರೆ ಅದು ಎಚ್‌ಟಿಟಿಪಿಎಸ್ ಮೇಲೆ ಮಾತ್ರ ಹೋಗಬೇಕು, ಸರಿ. ಆದರೆ ಎಚ್‌ಟಿಟಿಪಿಎಸ್ ನಮ್ಮಲ್ಲಿ ಎಂಜಿನ್‌ಎಕ್ಸ್‌ಗೇ ಮುಗಿಯುತ್ತದೆ. ಅಲ್ಲಿಂದ ಒಳಗಿನ ನೋಡ್‌ಗೆ ಬರೀ ಎಚ್‌ಟಿಟಿಪಿ. ಎಕ್ಸ್‌ಪ್ರೆಸ್ ನೋಡುತ್ತದೆ, "ಇದು ಸುರಕ್ಷಿತ ದಾರಿ ಅಲ್ಲ" ಅಂದುಕೊಳ್ಳುತ್ತದೆ, ಕುಕೀಯನ್ನು ಕಳಿಸುವುದೇ ಇಲ್ಲ. ಎರರ್ ಇಲ್ಲ, ಲಾಗ್ ಇಲ್ಲ. ಚಿಕ್ಕಮ್ಮ ಆಡಳಿತದ ಪುಟಕ್ಕೆ ಲಾಗಿನ್ ಆಗುತ್ತಾರೆ, ಮರುಕ್ಷಣ ಮತ್ತೆ ಲಾಗಿನ್ ಪುಟ. ಪಾಸ್‌ವರ್ಡ್ ತಪ್ಪು ಅಂತಲೂ ಇಲ್ಲ. ಒಂದು ರಾತ್ರಿ ಪೂರ್ತಿ ಹೋಯಿತು ನನಗೆ. ಡೀಬಗ್ ಆನ್ ಮಾಡಿದ ಮೇಲೆ ಎರಡೇ ಪದ ಕಂಡಿತು: "ನಾಟ್ ಸೆಕ್ಯೂರ್ಡ್". ಅಷ್ಟು ಗೊತ್ತಿತ್ತಲ್ಲ ಮಾರಾಯ, ಮೊದಲೇ ಹೇಳಬಾರದಿತ್ತಾ? ಮದ್ದು ಎರಡು ಸಾಲು. ಎಕ್ಸ್‌ಪ್ರೆಸ್‌ನಲ್ಲಿ ಟ್ರಸ್ಟ್ ಪ್ರಾಕ್ಸಿ 1, ಅಂದರೆ ಮುಂದಿರುವ ಒಂದು ಪ್ರಾಕ್ಸಿಯ ಮಾತು ನಂಬು ಅಂತ. ಎಂಜಿನ್‌ಎಕ್ಸ್‌ನಲ್ಲಿ, ಗಿರಾಕಿ ಬಂದ ದಾರಿ ಯಾವುದು ಅಂತ ಒಳಗೆ ತಿಳಿಸುವ ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರ್ (ರಿಕ್ವೆಸ್ಟಿನ ತಲೆಗೆ ಅಂಟಿಸುವ ಚೀಟಿ). ಎರಡರಲ್ಲಿ ಒಂದೇ ಹಾಕಿದರೆ ಮತ್ತೆ ಅದೇ ಮೌನ.

ಇನ್ನೊಂದು ಸಣ್ಣ ವಿಷಯ ಇದೆ, ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ. ಉತ್ತರ ಕಳಿಸುವಾಗ ಸೆಷನ್ ಇನ್ನೂ ಸ್ಟೋರ್‌ಗೆ ಸೇರಿಲ್ಲದಿದ್ದರೆ ಎಕ್ಸ್‌ಪ್ರೆಸ್-ಸೆಷನ್ ಕೊನೆಯ ಒಂದು ಬೈಟ್ ಹಿಡಿದಿಟ್ಟುಕೊಳ್ಳುತ್ತದೆ. ಸೇವ್ ಆದ ಮೇಲೆ ಆ ಬೈಟ್ ಬಿಡುತ್ತದೆ. ಅಜ್ಜಿ ಕತೆಯ ಕೊನೆಯ ಸಾಲು ಹೇಳದೆ ಮಕ್ಕಳನ್ನು ಕೂರಿಸಿಕೊಂಡ ಹಾಗೆ. ಚಂದದ ಉಪಾಯ, ಆದರೆ ರೀಡೈರೆಕ್ಟ್ (ಬೇರೆ ಪುಟಕ್ಕೆ ಹೋಗು ಅನ್ನುವ ಉತ್ತರ) ಇದ್ದಾಗ ಬ್ರೌಸರ್ ಹೆಡರ್ ನೋಡಿದ ಕೂಡಲೇ ಎದ್ದು ಓಡಬಹುದು. ಮುಂದಿನ ಪುಟ ಕೇಳುವಾಗ ಹಳೆ ಸೆಷನ್ನೇ ಕೈಗೆ ಸಿಗುತ್ತದೆ. ಹಾಗಾಗಿ ರೀಡೈರೆಕ್ಟ್‌ಗೆ ಮೊದಲು ಸೇವ್ ಅಂತ ನಾವೇ ಕರೆದು, ಅದು ಮುಗಿದ ಮೇಲೆ ಕಳಿಸುವುದು ಒಳ್ಳೆಯದು.

ರೆಡಿಸ್ ಒಂದು ಯಾಕೆ ಸಾಕಬೇಕು ಅನ್ನಿಸಿ ನಡುವೆ ಒಂದು ಸೀಸನ್ ಕುಕೀ-ಸೆಷನ್‌ಗೆ ಹಾರಿದ್ದೆ. ಇಲ್ಲಿ ಟೋಕನ್ ಕೊಡುವ ಪದ್ಧತಿಯೇ ಇಲ್ಲ. ಚಪ್ಪಲಿಯನ್ನೇ ಗಿರಾಕಿಯ ಕೈಗೆ ಕೊಟ್ಟು, ಪ್ರತಿ ಸಲ ಬರುವಾಗ ಹಿಡಿದುಕೊಂಡು ಬನ್ನಿ ಅನ್ನುತ್ತದೆ. ಸರ್ವರ್‌ನಲ್ಲಿ ಏನೂ ಉಳಿಯುವುದಿಲ್ಲ. ರೀಸ್ಟಾರ್ಟ್ ಆದರೂ ಯಾರ ಬುಟ್ಟಿಯೂ ಹೋಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಇಲ್ಲದ ನಮ್ಮೂರಲ್ಲಿ ಕೂತು ನೋಡಿಕೊಳ್ಳುವವನಿಗೆ ಇದು ದೊಡ್ಡ ನೆಮ್ಮದಿ.

ಆದರೆ ಇದು ಅಂಚೆ ಕಾರ್ಡು. ಸಹಿ ಇದೆ, ಮುಚ್ಚಿಲ್ಲ. ಯಾರೂ ತಿದ್ದಲು ಆಗುವುದಿಲ್ಲ, ಎಲ್ಲರೂ ಓದಬಹುದು. ಬೇಸ್64 (ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ರೀತಿ) ಬಿಡಿಸಿದರೆ ಒಳಗಿನದೆಲ್ಲ ಕಾಣುತ್ತದೆ. ಅದು ಗೊತ್ತಿದ್ದೇ ಹಾಕಿದ್ದೆ. ಗೊತ್ತಿಲ್ಲದೆ ಸಿಕ್ಕಿಬಿದ್ದಿದ್ದು ಕನ್ನಡದ ಲೆಕ್ಕದಲ್ಲಿ.

ಬುಟ್ಟಿಯಲ್ಲಿ ಸಾಮಾನಿನ ನಂಬರ್ ಮಾತ್ರ ಇಡುವ ಬದಲು ಹೆಸರು, ತೂಕ, ದರ ಎಲ್ಲ ಇಟ್ಟಿದ್ದೆ. ಸೋಮಾರಿತನ. "ಹಲಸಿನ ಹಪ್ಪಳ" ಅನ್ನುವುದನ್ನು ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಹತ್ತು ಕನ್ನಡ ಚಿಹ್ನೆ, ಒಂದು ಖಾಲಿ ಜಾಗ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಚಿಹ್ನೆಗೆ ಮೂರು ಬೈಟ್. ಒಟ್ಟು 31. ಬೇಸ್64 ಮಾಡಿದರೆ 44. ಇಂಗ್ಲಿಷಿನಲ್ಲಿ ಬರೆದಿದ್ದರೆ ಹೆಚ್ಚುಕಡಿಮೆ ಅರ್ಧ ಸಾಕಿತ್ತು. ಒಂದು ಕುಕೀಗೆ ಬ್ರೌಸರ್ ಕೊಡುವ ಜಾಗ ಹೆಚ್ಚುಕಡಿಮೆ 4096 ಬೈಟ್. ಹೆಸರಿನ ಕೆಳಗೆ ನಾನು ಬರೆದ ಎರಡೆರಡು ಸಾಲು ವಿವರಣೆಯೂ ಸೇರಿ, ಎಂಟನೇ ಸಾಮಾನಿಗೆ ಗಡಿ ದಾಟುತ್ತಿತ್ತು.

ದಾಟಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಸರ್ವರ್ ಕಳಿಸುತ್ತದೆ, ಬ್ರೌಸರ್ ಎಸೆಯುತ್ತದೆ, ಹಳೇ ಕುಕೀ ಹಾಗೇ ಉಳಿಯುತ್ತದೆ. ಗಿರಾಕಿ ಮಾವಿನಹಣ್ಣಿನ ಹಪ್ಪಳ ಹಾಕಿದರು, ಬುಟ್ಟಿಗೆ ಅದು ಸೇರಲೇ ಇಲ್ಲ. ಜಾಸ್ತಿ ಕೊಳ್ಳುವವರಿಗೇ ಬಾಗಿಲು ಹಾಕಿದ ಅಂಗಡಿ ನಮ್ಮದಾಗಿತ್ತು. ಅದರ ಮೇಲೆ ಇನ್ನೊಂದು: ಸೆಕ್ಯೂರ್ ಕುಕೀಯನ್ನು ಬರೀ ಎಚ್‌ಟಿಟಿಪಿ ಮೇಲೆ ಕಳಿಸಲು ಹೋದರೆ, ಇದರ ಒಳಗಿರುವ ಕುಕೀಸ್ ಅನ್ನುವ ಲೈಬ್ರರಿ ಜೋರಾಗಿಯೇ ಎರರ್ ಎಸೆಯುತ್ತದೆ. ಕುಕೀ-ಸೆಷನ್ ಅದನ್ನು ಹಿಡಿದು ಡೀಬಗ್ ಸಾಲಿಗೆ ಇಳಿಸಿ ಸುಮ್ಮನಾಗಿಬಿಡುತ್ತದೆ. ಕೂಗುವ ಮಗುವಿನ ಬಾಯಿಗೆ ಕೈ ಹಿಡಿದ ಹಾಗೆ. ಇದು ನನಗೆ ಹಿಡಿಸಲೇ ಇಲ್ಲ.

ಬಿಡುವುದಕ್ಕೆ ಕೊನೆಯ ನೆಪ ಸಿಕ್ಕಿದ್ದು ಲಾಗಿನ್ ನೋಡಿಕೊಳ್ಳುವ ಪಾಸ್‌ಪೋರ್ಟ್ ಅನ್ನುವ ಮಿಡ್ಲ್‌ವೇರ್‌ನಿಂದ. 2022ರಲ್ಲಿ ಬಂದ ಅದರ 0.6 ಆವೃತ್ತಿ, ಲಾಗಿನ್ ಆದ ಕೂಡಲೇ ಸೆಷನ್ ನಂಬರ್ ಬದಲಿಸಲು ಶುರು ಮಾಡಿತು. ಒಳ್ಳೆಯ ಕೆಲಸ. ಕಳ್ಳ ಮೊದಲೇ ಒಂದು ಟೋಕನ್ ಪಡೆದು, ನಂಬರ್ ನೆನಪಿಟ್ಟುಕೊಂಡು, ಅದನ್ನೇ ನಿಮ್ಮ ಕೈಗೆ ದಾಟಿಸಿದ್ದರೆ, ನೀವು ಲಾಗಿನ್ ಆದ ಮೇಲೆ ಅದೇ ನಂಬರ್ ಹೇಳಿ ಅವನೂ ಒಳಗೆ ಬರಬಹುದು. ನಂಬರ್ ಬದಲಾದರೆ ಅವನ ಆಟ ಮುಗಿಯಿತು. ಆದರೆ ಕುಕೀ-ಸೆಷನ್‌ನಲ್ಲಿ ನಂಬರೇ ಇಲ್ಲವಲ್ಲ, ಬದಲಿಸುವುದು ಏನನ್ನು? ರೀಜನರೇಟ್ ಅನ್ನುವ ಫಂಕ್ಷನ್ನೇ ಇಲ್ಲ ಅಂತ ಎರರ್ ಬಂದು ಲಾಗಿನ್ ನಿಂತೇಹೋಯಿತು. ನೋಡಿ, ಇದು ಬಾಯಿಬಿಟ್ಟ ಎರರ್. ಅರ್ಧ ಗಂಟೆಯಲ್ಲಿ ಕಾರಣ ಸಿಕ್ಕಿತು. ಸುಳ್ಳು ರೀಜನರೇಟ್ ಒಂದನ್ನು ಅಂಟಿಸಿ ಮುಂದೆ ಹೋಗುವವರು ತುಂಬಾ ಜನ ಇದ್ದಾರೆ. ನನಗೆ ಮನಸ್ಸು ಬರಲಿಲ್ಲ.

ಐರನ್-ಸೆಷನ್ ಅನ್ನು ಇದೇ ಸೈಟಿನ ಪಕ್ಕದ ಒಂದು ಪುಟ್ಟ ಆಪ್‌ನಲ್ಲಿ (ನೆಕ್ಸ್ಟ್ ಅನ್ನುವ ಬೇರೆ ಚೌಕಟ್ಟಿನಲ್ಲಿ ಮಾಡಿದ್ದು) ಹಾಕಿದ್ದೇನೆ. ಯಾವ ಮನೆಯಲ್ಲಿ ಎಷ್ಟು ಹಪ್ಪಳ ಒಣಗಿತು ಅಂತ ಆ ನಾಲ್ಕು ಜನ ಬರೆದಿಡುವ ಪುಟ ಅದು. ಇದೂ ಚಪ್ಪಲಿಯನ್ನು ಕೈಗೇ ಕೊಡುತ್ತದೆ, ಆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು. ಅಂಚೆ ಕಾರ್ಡು ಅಲ್ಲ, ಅರಗು ಹಾಕಿದ ಲಕೋಟೆ. ನನಗೆ ಇಷ್ಟವಾಗಿದ್ದು ಇದರ ಮಾತುಗಾರಿಕೆ. ಪಾಸ್‌ವರ್ಡ್ 32 ಅಕ್ಷರಕ್ಕಿಂತ ಕಡಿಮೆ ಇದ್ದರೆ ಶುರುವೇ ಆಗುವುದಿಲ್ಲ, ಯಾಕೆ ಅಂತಲೂ ಹೇಳುತ್ತದೆ. ಕುಕೀ ಉದ್ದ ಮೀರಿದರೆ ಸರ್ವರ್‌ನಲ್ಲೇ ಎರರ್: ಇಷ್ಟು ಬೈಟ್ ಆಯಿತು, ಬ್ರೌಸರ್ ಒಪ್ಪುವುದಿಲ್ಲ, ಏನಾದರೂ ಕಡಿಮೆ ಮಾಡಿ. ಕುಕೀ-ಸೆಷನ್ ಇಷ್ಟು ಹೇಳಿದ್ದರೆ ನಮ್ಮ ಎಂಟನೇ ಸಾಮಾನಿನ ಗಿರಾಕಿಗಳು ಉಳಿಯುತ್ತಿದ್ದರು. ಡಿಫಾಲ್ಟ್‌ಗಳೂ ಗಟ್ಟಿ. ಸೆಕ್ಯೂರ್ ಆನ್, ಸೇಮ್‌ಸೈಟ್ (ಬೇರೆ ಸೈಟಿನಿಂದ ಬಂದ ರಿಕ್ವೆಸ್ಟ್ ಜೊತೆ ಕುಕೀ ಹೋಗಬೇಕೋ ಬೇಡವೋ ಅನ್ನುವ ನಿಯಮ) ಲ್ಯಾಕ್ಸ್, ಹದಿನಾಲ್ಕು ದಿನ ವಾಯಿದೆ. ಸೆಕ್ಯೂರ್ ಆನ್ ಇರುವುದರಿಂದ ಸ್ವಂತ ಕಂಪ್ಯೂಟರಿನ ಲೋಕಲ್‌ಹೋಸ್ಟ್‌ನಲ್ಲಿ ಸಫಾರಿ ಲಾಗಿನ್ ಉಳಿಸಿಕೊಳ್ಳುವುದಿಲ್ಲ, ಕ್ರೋಮ್ ಉಳಿಸಿಕೊಳ್ಳುತ್ತದೆ. ಮ್ಯಾಕ್ ಇರುವವರು ತಲೆ ಕೆಡಿಸಿಕೊಳ್ಳಬೇಡಿ.

ಕೊರತೆ ಒಂದೇ, ಅದು ಸಣ್ಣದಲ್ಲ. ಫೋನ್ ಕಳೆದುಹೋಯಿತು, ಎಲ್ಲ ಕಡೆ ಲಾಗ್‌ಔಟ್ ಮಾಡಿ ಅಂದರೆ ಆಗುವುದಿಲ್ಲ. ಪೆಟ್ಟಿಗೆ ಅವರ ಹತ್ತಿರ ಇದೆ, ನಮ್ಮ ಹತ್ತಿರ ಲೆಕ್ಕವೇ ಇಲ್ಲ. ಬೀಗವನ್ನೇ ಬದಲಿಸಬೇಕು, ಆಗ ನಾಲ್ಕೂ ಜನ ಹೊರಗೆ. ನಾಲ್ಕು ಜನರಾದರೆ ಪರವಾಗಿಲ್ಲ.

ಈಗ ಆ ರಾತ್ರಿಗೆ ಬರೋಣ. ಎಕ್ಸ್‌ಪ್ರೆಸ್-ಸೆಷನ್, ರೆಡಿಸ್, ಟ್ರಸ್ಟ್ ಪ್ರಾಕ್ಸಿ, ಎಲ್ಲ ಸರಿ ಇದೆ. ನನ್ನ ಫೈರ್‌ಫಾಕ್ಸ್‌ನಲ್ಲಿ ಹತ್ತು ಸಲ ಕೊಂಡು ನೋಡಿದೆ. ಸರಿ ಇದೆ. ಕ್ರೋಮ್ ತೆರೆದು, ಹೊಸ ಖಾಸಗಿ ಕಿಟಕಿಯಲ್ಲಿ ಬುಟ್ಟಿ ತುಂಬಿ, ಪರೀಕ್ಷೆಯ ಕಾರ್ಡಿನಲ್ಲಿ ದುಡ್ಡು ಕಟ್ಟಿದೆ. ಸರಿ ಇದೆ! ಗಿರಾಕಿಯೇ ಏನೋ ಎಡವಟ್ಟು ಮಾಡಿಕೊಂಡಿದ್ದಾರೆ ಅಂತ ಚಿಕ್ಕಮ್ಮನಿಗೆ ಹೇಳಿಯೂ ಬಿಟ್ಟೆ. ಆ ಮಾತು ಈಗಲೂ ಚುಚ್ಚುತ್ತದೆ.

ಮಾರನೇ ದಿನ ಆ ಗಿರಾಕಿಗೆ ನಾನೇ ಫೋನ್ ಮಾಡಿ, ಒಂದೊಂದೇ ಹೆಜ್ಜೆ ಹೇಳಿ ಅಂದೆ. ಅವರು ಹೇಳಿದರು: "ಅಕೌಂಟ್ ಅಪ್ಪನದ್ದು. ಒಟಿಪಿ ಅವರ ಫೋನಿಗೆ ಬರುತ್ತೆ. ಅವರು ಮಹಡಿ ಮೇಲಿದ್ರು. ಹೋಗಿ ಕೇಳ್ಕೊಂಡು ಬಂದೆ." ನಾನು ಪೆನ್ನು ಕೆಳಗಿಟ್ಟೆ. ಎಷ್ಟು ಹೊತ್ತಾಯಿತು ಅಂತ ಕೇಳಿದೆ. ಮೂರು ನಿಮಿಷ ಆಗಿರಬಹುದು ಅಂದರು.

ವಿಷಯ ಇದು. ಪೇಮೆಂಟ್ ಗೇಟ್‌ವೇ ಕೆಲಸ ಮುಗಿಸಿ ಗಿರಾಕಿಯನ್ನು ನಮ್ಮ ಸೈಟಿಗೆ ವಾಪಸ್ ಕಳಿಸುವುದು ಒಂದು ಪೋಸ್ಟ್ ಫಾರ್ಮ್ ಮೂಲಕ, ಅಂದರೆ ಮಾಹಿತಿ ತುಂಬಿ ಕಳಿಸುವ ರಿಕ್ವೆಸ್ಟ್. ಬೇರೆ ಸೈಟಿನಿಂದ ಬರುವ ಪೋಸ್ಟ್. 2020ರಿಂದ ಕ್ರೋಮ್, ಸೇಮ್‌ಸೈಟ್ ಏನೂ ಹೇಳದ ಕುಕೀಯನ್ನು ಲ್ಯಾಕ್ಸ್ ಅಂತಲೇ ತಿಳಿಯುತ್ತದೆ. ಲ್ಯಾಕ್ಸ್ ಕುಕೀ ಬೇರೆ ಸೈಟಿನ ಪೋಸ್ಟ್ ಜೊತೆ ಹೋಗುವುದಿಲ್ಲ. ಆದರೆ ಹಳೆಯ ಸೈಟುಗಳು ಒಮ್ಮೆಲೇ ಮುರಿಯಬಾರದು ಅಂತ ಕ್ರೋಮ್ ಒಂದು ರಿಯಾಯಿತಿ ಇಟ್ಟಿತು. ಕುಕೀ ಹುಟ್ಟಿ ಎರಡು ನಿಮಿಷ ಆಗಿಲ್ಲದಿದ್ದರೆ, ಇಡೀ ಪುಟ ಬದಲಾಗುವ ಪೋಸ್ಟ್‌ಗೆ ಅದನ್ನು ಕಳಿಸುತ್ತದೆ. ಎಕ್ಸ್‌ಪ್ರೆಸ್-ಸೆಷನ್ ತಾನಾಗಿ ಸೇಮ್‌ಸೈಟ್ ಹಾಕುವುದಿಲ್ಲ. ನಾನೂ ಹಾಕಿರಲಿಲ್ಲ.

ಅಂದರೆ ನಾನು ಹೊಸ ಕಿಟಕಿ ತೆರೆದು ಒಂದು ನಿಮಿಷದಲ್ಲಿ ಪರೀಕ್ಷೆ ಮುಗಿಸಿದಾಗ ಕುಕೀ ಎಳೇ ಮಿಡಿ, ನಡೆಯುತ್ತದೆ. ನಿಜವಾದ ಗಿರಾಕಿ ನಾಲ್ಕು ಬಗೆಯ ಉಪ್ಪಿನಕಾಯಿ ನೋಡಿ, ಮಹಡಿ ಹತ್ತಿ ಇಳಿದು ಬರುವಷ್ಟರಲ್ಲಿ ಕುಕೀ ಬಲಿತಿರುತ್ತದೆ, ನಡೆಯುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಈ ಕಟ್ಟುಪಾಡು ಡಿಫಾಲ್ಟ್ ಆಗಿ ಬಂದಿರಲಿಲ್ಲ, ಹಾಗಾಗಿ ಅಲ್ಲಿ ಹತ್ತಕ್ಕೆ ಹತ್ತು ಪಾಸು.

ಇಷ್ಟೇ ಆಗಿದ್ದರೆ ಬುಟ್ಟಿ ಒಂದು ಪುಟದಲ್ಲಿ ಕಾಣದೆ ಮುಂದಿನ ಪುಟದಲ್ಲಿ ಸಿಗುತ್ತಿತ್ತು. ಆದರೆ ಕುಕೀ ಇಲ್ಲದೆ ಬಂದ ಆ ಪೋಸ್ಟ್ ಅನ್ನು ನನ್ನ ಮಿಡ್ಲ್‌ವೇರ್ ಹೊಸ ಗಿರಾಕಿ ಅಂದುಕೊಂಡಿತು. "ಹಣ ಬಂತು" ಅಂತ ಸೆಷನ್ನಿಗೆ ಒಂದು ಸಂದೇಶ ಬರೆಯುವ ಸಾಲು ಅಲ್ಲಿ ಇತ್ತು. ಸೆಷನ್ ಬದಲಾಯಿತಲ್ಲ, ಹೊಸ ಟೋಕನ್ ಹೋಯಿತು. ಅದೇ ಹೆಸರಿನ ಹಳೇ ಟೋಕನ್ ಅಳಿಯಿತು. ಬುಟ್ಟಿ ರೆಡಿಸ್‌ನಲ್ಲಿ ಹಾಗೇ ಬಿದ್ದಿದೆ, ನಂಬರ್ ಯಾರಿಗೂ ನೆನಪಿಲ್ಲ.

ಸೇಮ್‌ಸೈಟ್ "ನನ್" (ಯಾವ ತಡೆಯೂ ಬೇಡ) ಅಂತ ಹಾಕಿಬಿಡಿ ಅನ್ನುವ ಸಲಹೆ ಸಿಗುತ್ತದೆ. ಬೇಡ. ಒಂದು ದಾರಿಗೋಸ್ಕರ ಮನೆಯ ಎಲ್ಲ ಬಾಗಿಲು ತೆಗೆದ ಹಾಗೆ. ನಾನು ಮಾಡಿದ್ದು: ಆ ವಾಪಸಾತಿಯ ದಾರಿಯನ್ನು ಸೆಷನ್ ಮಿಡ್ಲ್‌ವೇರ್‌ಗಿಂತ ಮೊದಲೇ ಇಟ್ಟೆ. ಅಲ್ಲಿ ಸೆಷನ್ ಮುಟ್ಟುವ ಪ್ರಶ್ನೆಯೇ ಇಲ್ಲ. ಗೇಟ್‌ವೇ ಕಳಿಸಿದ ಸಹಿ ತಾಳೆ ನೋಡಿ, ಆರ್ಡರ್ ಬರೆದುಕೊಂಡು, 303 ರೀಡೈರೆಕ್ಟ್ ಕೊಟ್ಟು ಧನ್ಯವಾದದ ಪುಟಕ್ಕೆ ಕಳಿಸುತ್ತೇನೆ. ಅದು ಗೆಟ್, ಬರೀ ಪುಟ ಕೇಳುವ ರಿಕ್ವೆಸ್ಟ್. ಗೆಟ್ ಜೊತೆ ಲ್ಯಾಕ್ಸ್ ಕುಕೀ ಆರಾಮಾಗಿ ಬರುತ್ತದೆ, ಬುಟ್ಟಿಯೂ ಬರುತ್ತದೆ. ಜೊತೆಗೆ ಸೇಮ್‌ಸೈಟ್ ಲ್ಯಾಕ್ಸ್ ಅಂತ ನಾನೇ ಬರೆದೆ. ಬರೆದರೆ ಆ ಎರಡು ನಿಮಿಷದ ಗುಟ್ಟು ರಿಯಾಯಿತಿ ಇರುವುದಿಲ್ಲ. ಮುರಿಯುವುದಿದ್ದರೆ ನನ್ನ ಪರೀಕ್ಷೆಯಲ್ಲೇ ಮುರಿಯಲಿ.

ಸಿಎಸ್‌ಆರ್‌ಎಫ್ ಕಾಯುವವರ ಸರದಿ. ಬೇರೆ ಸೈಟೊಂದು ನಿಮ್ಮ ಬ್ರೌಸರ್ ಕೈಯಲ್ಲೇ, ನಿಮ್ಮ ಕುಕೀ ಹಿಡಿಸಿ, ನಿಮಗೆ ಗೊತ್ತಿಲ್ಲದೆ ಫಾರ್ಮ್ ಕಳಿಸದಂತೆ ತಡೆಯುವ ಕೆಲಸ. ಬಹಳ ಕಾಲ ಇದಕ್ಕೆ ಸಿಸರ್ಫ್ ಒಂದೇ ಹೆಸರು. 2022ರ ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಟ್ಟರು. ಇನ್‌ಸ್ಟಾಲ್ ಮಾಡುವಾಗಲೇ, ಪ್ಯಾಕೇಜ್ ತಂದುಕೊಡುವ ಎನ್‌ಪಿಎಂ ಎಚ್ಚರಿಸುತ್ತದೆ, ಆದರೂ ಹಳೆಯ ಪಾಠಗಳಲ್ಲಿ ಇನ್ನೂ ಅದೇ ಇದೆ. ನಾನು ಸಿಎಸ್‌ಆರ್‌ಎಫ್-ಸಿಂಕ್‌ಗೆ ಬದಲಾದೆ. ಇಲ್ಲಿ ಟೋಕನ್ ಅಂದರೆ ಕುಕೀ ಅಲ್ಲ, ಫಾರ್ಮ್ ನಮ್ಮದೇ ಅಂತ ಗುರುತಿಸುವ ಇನ್ನೊಂದು ಗುಟ್ಟಿನ ಚೀಟಿ. ಅದನ್ನು ಸೆಷನ್ನಿನಲ್ಲೇ ಇಡುತ್ತದೆ, ಸರ್ವರ್‌ನಲ್ಲಿ ಸೆಷನ್ ಇರುವ ನಮ್ಮಂಥವರಿಗೆ ಸರಿ. ಸೆಷನ್ ಇಲ್ಲದವರಿಗೆ ಅದರದ್ದೇ ಜೋಡಿ ಸಿಎಸ್‌ಆರ್‌ಎಫ್-ಸಿಎಸ್‌ಆರ್‌ಎಫ್ ಇದೆ, ಕುಕೀ ಮತ್ತು ಫಾರ್ಮ್ ಎರಡರಲ್ಲೂ ಟೋಕನ್ ಇಟ್ಟು ತಾಳೆ ನೋಡುವಂಥದ್ದು. ಟೋಕನ್ ತಪ್ಪಿದ್ದರೆ ಎರಡೂ ನೇರವಾಗಿ 403 (ಒಳಗೆ ಬಿಡುವುದಿಲ್ಲ ಅನ್ನುವ ಉತ್ತರ) ಕೊಡುತ್ತವೆ. ಇದರಲ್ಲಿ ಮೌನದ ದೂರು ಇಲ್ಲ.

ಈಚೆಗೆ ನನಗೆ ಟೋಕನ್ ರಗಳೆಯೇ ಬೇಡ ಅನ್ನಿಸುತ್ತಿದೆ. ಸೆಕ್-ಫೆಚ್-ಸೈಟ್ ಅನ್ನುವ ಹೆಡರ್ ಅನ್ನು ಬ್ರೌಸರೇ ಕಳಿಸುತ್ತದೆ: ಈ ರಿಕ್ವೆಸ್ಟ್ ಇದೇ ಸೈಟಿನಿಂದ ಬಂತೋ, ಹೊರಗಿನಿಂದ ಬಂತೋ ಅಂತ. ಪುಟದೊಳಗಿನ ಸ್ಕ್ರಿಪ್ಟ್ ಅದನ್ನು ಸುಳ್ಳು ಬರೆಯಲು ಆಗುವುದಿಲ್ಲ. ಕ್ರೋಮ್‌ನಲ್ಲಿ 2019ರಿಂದ ಇತ್ತು, ಸಫಾರಿ 2023ರಲ್ಲಿ 16.4ರ ಜೊತೆ ತಂದಿತು. 2025ರಲ್ಲಿ ಬಂದ ಗೋ ಭಾಷೆಯ 1.25 ಆವೃತ್ತಿಯಲ್ಲಿ ಇದೇ ತತ್ವದ ಕಾವಲು ಭಾಷೆಯ ಜೊತೆಗೇ ಸಿಗುತ್ತದೆ. ನಮ್ಮ ಹಪ್ಪಳದ ಲೆಕ್ಕದ ಪುಟದಲ್ಲಿ ಹನ್ನೆರಡು ಸಾಲಿನಲ್ಲಿ ನಾನೇ ಬರೆದು ಹಾಕಿದ್ದೇನೆ. ಹೆಡರ್ ಇಲ್ಲದ ಹಳೇ ಫೋನುಗಳಿಗೆ ಆರಿಜಿನ್ (ಯಾವ ಸೈಟಿನಿಂದ ಬಂತು ಅನ್ನುವ ವಿಳಾಸ) ತಾಳೆ ನೋಡುತ್ತೇನೆ. ಅಂಗಡಿಗೆ ಇನ್ನೂ ಹಾಕಿಲ್ಲ. ಧೈರ್ಯ ಬರಲಿ.

ಸುರಕ್ಷತೆಯ ಹೆಡರ್‌ಗಳನ್ನು ಹಾಕುವ ಹೆಲ್ಮೆಟ್ ಬಗ್ಗೆ ಎಲ್ಲರೂ ಒಂದು ಸಾಲು ಹಾಕಿ, ಆಯ್ತು ಅಂತ ಹೋಗುತ್ತಾರೆ. ಹತ್ತಕ್ಕೂ ಜಾಸ್ತಿ ಹೆಡರ್‌ಗಳನ್ನು ಅದು ಒಂದೇ ಏಟಿಗೆ ಸರಿಮಾಡುತ್ತದೆ, ನಿಜ. ನನ್ನ ಪುಟದಲ್ಲಿ "ಬುಟ್ಟಿಗೆ ಹಾಕಿ" ಬಟನ್ನಿಗೆ ಆನ್‌ಕ್ಲಿಕ್ ಅಂತ ಎಚ್‌ಟಿಎಂಎಲ್ ಒಳಗೇ ಬರೆದಿದ್ದೆ. ಹೆಲ್ಮೆಟ್‌ನ ಸಿಎಸ್‌ಪಿ (ಪುಟದಲ್ಲಿ ಯಾವ ಸ್ಕ್ರಿಪ್ಟ್ ಓಡಬಹುದು ಅನ್ನುವ ನಿಯಮ) ಅಂಥದ್ದನ್ನು ಬಿಡುವುದಿಲ್ಲ. ಬಟನ್ ಒತ್ತಿದರೆ ಕಲ್ಲು. ಪೇಮೆಂಟ್ ಸ್ಕ್ರಿಪ್ಟ್ ಕೂಡ ನಿಂತುಹೋಯಿತು. ಆದರೆ ಬ್ರೌಸರಿನ ಕನ್ಸೋಲ್ ತೆರೆದರೆ ಕೆಂಪಕ್ಷರದಲ್ಲಿ ಯಾವ ಸಾಲು, ಯಾವ ನಿಯಮ, ಎಲ್ಲ ಬರೆದಿರುತ್ತದೆ. ಅರ್ಧ ದಿನದ ಕೆಲಸ, ಬೈಯುತ್ತಲೇ ಮಾಡಿದೆ, ಕೋಡ್ ಚೊಕ್ಕಟವಾಯಿತು.

ಬೈಯಲೂ ಆಗದೆ ಕೂತಿದ್ದು ಎಚ್‌ಎಸ್‌ಟಿಎಸ್ ವಿಷಯಕ್ಕೆ. ಇನ್ನು ಮುಂದೆ ಈ ಸೈಟಿಗೆ ಎಚ್‌ಟಿಟಿಪಿಎಸ್‌ನಲ್ಲೇ ಬಾ ಅಂತ ಬ್ರೌಸರಿಗೆ ಹೇಳುವ ಹೆಡರ್ ಅದು. ಹೆಲ್ಮೆಟ್ ಇದನ್ನು ಮೊದಲು 180 ದಿನಕ್ಕೆ ಇಡುತ್ತಿತ್ತು, ಎಂಟನೇ ಆವೃತ್ತಿಯಿಂದ 365 ದಿನ. ಉಪಡೊಮೇನ್‌ಗಳಿಗೂ ಸೇರಿಸಿ. ನಮ್ಮ ಹಳೆಯ ಫೋಟೋಗಳು ಒಂದು ಉಪಡೊಮೇನ್‌ನಲ್ಲಿ, ಸರ್ಟಿಫಿಕೇಟ್ ಇಲ್ಲದೆ, ಬರೀ ಎಚ್‌ಟಿಟಿಪಿ ಮೇಲೆ ಇದ್ದವು. ಅಂಗಡಿಗೆ ಒಮ್ಮೆ ಬಂದು ಹೋದ ಬ್ರೌಸರುಗಳೆಲ್ಲ ಅಲ್ಲಿಗೆ ಹೋಗಲು ನಿರಾಕರಿಸಿದವು. ಹೆಡರ್ ತೆಗೆದರೂ ಬ್ರೌಸರ್ ಮರೆಯುವುದಿಲ್ಲ. ಕೊನೆಗೆ ಆ ಉಪಡೊಮೇನಿಗೂ ಸರ್ಟಿಫಿಕೇಟ್ ಮಾಡಿಸಿದೆ, ಮೊದಲೇ ಮಾಡಬೇಕಿತ್ತು. ನೀವು ಹೆಲ್ಮೆಟ್ ಹಾಕುವುದಾದರೆ ಮೊದಲ ವಾರ ಇದನ್ನು ಐದು ನಿಮಿಷಕ್ಕೆ ಇಟ್ಟು ನೋಡಿ.

ಒಬ್ಬರೇ ಮತ್ತೆ ಮತ್ತೆ ಬಾಗಿಲು ತಟ್ಟದಂತೆ ಎಣಿಸುವ ಎಕ್ಸ್‌ಪ್ರೆಸ್-ರೇಟ್-ಲಿಮಿಟ್ ಮಾತಾಳಿ. ಮುಂದೆ ಪ್ರಾಕ್ಸಿ ಇದ್ದು ಟ್ರಸ್ಟ್ ಪ್ರಾಕ್ಸಿ ಹಾಕದಿದ್ದರೆ ಅದೇ ಕಂಡುಹಿಡಿದು ಲಾಗಿನಲ್ಲಿ ಬರೆಯುತ್ತದೆ. ಎಲ್ಲರನ್ನೂ ನಂಬು ಅಂತ ಹಾಕಿದರೂ ಬೈಯುತ್ತದೆ. ಇಂಥದ್ದು ಬೇಕು. ಆದರೆ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ನೂರಾರು ಜನ ಒಂದೇ ಐಪಿ (ನೆಟ್ ವಿಳಾಸ) ಹಂಚಿಕೊಂಡಿರುತ್ತಾರೆ ಅಂತ ನೆನಪಿಡಿ. ಲಾಗಿನ್‌ಗೆ ಐಪಿ ಒಂದನ್ನೇ ಎಣಿಸದೆ, ಬಳಕೆದಾರರ ಹೆಸರನ್ನೂ ಸೇರಿಸಿ ಎಣಿಸುತ್ತೇನೆ.

ಜಾಂಗೋ ವಿಷಯ ಹೇಳಿದರೆ ಎಕ್ಸ್‌ಪ್ರೆಸ್ ಗೆಳೆಯರಿಗೆ ಸಿಟ್ಟು ಬರುತ್ತದೆ. ಶಿರಸಿಯ ಒಂದು ಟ್ಯೂಷನ್ ಕ್ಲಾಸಿಗೆ ಹಾಜರಿ ಆಪ್ ಮಾಡಿದ್ದು ಅದರಲ್ಲಿ. ಸೆಷನ್, ಸಿಎಸ್‌ಆರ್‌ಎಫ್, ಸೆಕ್ಯುರಿಟಿ ಮಿಡ್ಲ್‌ವೇರ್ ಮೂರೂ ಹೊಸ ಪ್ರಾಜೆಕ್ಟಿನಲ್ಲೇ ಕೂತಿರುತ್ತವೆ. ಸೆಷನ್ ಕುಕೀಗೆ ಎರಡು ವಾರ ವಾಯಿದೆ, ಸೇಮ್‌ಸೈಟ್ ಲ್ಯಾಕ್ಸ್ ಅಂತ ಅದೇ ಬರೆದಿರುತ್ತದೆ. ಲಾಗಿನ್ ಆದಾಗ ನಂಬರ್ ತಾನೇ ಬದಲಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಚೆಕ್ ಡಿಪ್ಲಾಯ್ ಅನ್ನುವ ಆದೇಶ. ಓಡಿಸಿದರೆ ಡಬ್ಲ್ಯೂ012, ನಿನ್ನ ಸೆಷನ್ ಕುಕೀ ಸೆಕ್ಯೂರ್ ಇಲ್ಲ. ಡಬ್ಲ್ಯೂ004, ಎಚ್‌ಎಸ್‌ಟಿಎಸ್ ಇಟ್ಟಿಲ್ಲ. ಮನೆಯಿಂದ ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು ಪರ್ಸು, ಫೋನು, ಕೊಡೆ ಅಂತ ಕೇಳಿದ ಹಾಗೆ. ಅದರ 403 ಪುಟವೂ ಡೀಬಗ್ ಮೋಡಿನಲ್ಲಿ ಕಾರಣ ಬಿಡಿಸಿ ಹೇಳುತ್ತದೆ. 4.0ಕ್ಕೆ ಏರಿಸಿದಾಗ ನಂಬಿಕೆಯ ಆರಿಜಿನ್‌ಗಳಿಗೆ ಎಚ್‌ಟಿಟಿಪಿಎಸ್ ಸೇರಿಸಿ ಬರೆಯಬೇಕು ಅನ್ನುವುದನ್ನು ಮರೆತಿದ್ದೆ, ಅದೇ ನೆನಪಿಸಿತು. ಇವತ್ತು ಹೊಸದಾಗಿ ಶುರು ಮಾಡುವುದಾದರೆ ಅಂಗಡಿಯನ್ನೂ ಅದರಲ್ಲೇ ಮಾಡುತ್ತಿದ್ದೆ. ಬರೆದಿದ್ದನ್ನು ಬಿಸಾಡಿ ಮತ್ತೆ ಬರೆಯುವಷ್ಟು ಮಿಡಿ ಉಪ್ಪಿನಕಾಯಿ ನನಗೆ ಸಿಗುವುದಿಲ್ಲ.

ಈಗ ಅಂಗಡಿಯ ಫೈಲಿನಲ್ಲಿ ಸಾಲುಗಳು ಹೀಗಿವೆ: ಟ್ರಸ್ಟ್ ಪ್ರಾಕ್ಸಿ, ಹೆಲ್ಮೆಟ್, ಗೇಟ್‌ವೇ ವಾಪಸಾತಿ ದಾರಿ, ಆಮೇಲೆ ಸೆಷನ್, ರೇಟ್ ಲಿಮಿಟ್, ಸಿಎಸ್‌ಆರ್‌ಎಫ್, ಕೊನೆಗೆ ಅಂಗಡಿ. ಬುಟ್ಟಿಯಲ್ಲಿ ನಂಬರ್ ಮಾತ್ರ, ಹೆಸರು ಇಲ್ಲ. ಬೆಂಗಳೂರಿನ ಆ ಗಿರಾಕಿಗೆ ಮಿಡಿ, ಹಪ್ಪಳ ಅವತ್ತೇ ಬಸ್ಸಿಗೆ ಹೋಯಿತು, ಜೊತೆಗೆ ಚಿಕ್ಕಮ್ಮ ಅವರ ಅಪ್ಪನಿಗೆ ಅಂತ ಒಂದು ಕಟ್ಟು ಹಪ್ಪಳ ಇಟ್ಟರು.

ಏನೇ ಬದಲಾವಣೆ ಮಾಡಿದರೂ ನಾನೀಗ ಪೇಮೆಂಟ್ ಪುಟ ತೆರೆದಿಟ್ಟು ಚಹಾ ಮಾಡಲು ಹೋಗುತ್ತೇನೆ. ಹಾಲು ಕಾದು, ಪುಡಿ ಬಿದ್ದು, ಸೋಸಿ ಲೋಟಕ್ಕೆ ಬರುವಷ್ಟರಲ್ಲಿ ಆರೇಳು ನಿಮಿಷ ಆಗಿರುತ್ತದೆ. ಆಮೇಲೆ ಬಂದು ಕೂತು ಬಟನ್ ಒತ್ತುತ್ತೇನೆ.